ಕೆಂಪುಚೀಟಿಯ ಕೆಸುವಿನ ತೋಟ

"ಇನ್ಮೇಲೆ ಈ ಮನೆಗೆ ಅಂಗಡಿಯಿಂದ ಒಂದೇ ಒಂದು ಗೆಡ್ಡೆ ಬಂದ್ರೂ ನಾನು ಮೀಸೆ ಬೋಳಿಸ್ಕೋತೀನಿ!"

"ನಿಮಗೆ ಮೀಸೆ ಎಲ್ಲಿದೆ ರೀ?" ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ.

"ಬೆಳೆಸಿ ಬೋಳಿಸ್ಕೋತೀನಿ!"

ಈ ಭೀಷಣ ಪ್ರತಿಜ್ಞೆಗೆ ಸಾಕ್ಷಿಯಾಗಿದ್ದದ್ದು ಒಂದು ಇಸ್ತ್ರಿಪೆಟ್ಟಿಗೆ ಮತ್ತು ಒಂದು ರಾಶಿ ಒಗೆದ ಬಟ್ಟೆ. ಪ್ರತಿಜ್ಞೆ ಮಾಡಿದವನು ನಟ್ಟು ಬೋಲ್ಟು ತಯಾರಿಸುವ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುವ ಇನ್ಸ್‌ಪೆಕ್ಟರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಮಿಕ್ಕ ದಿನ ಎಲ್ಲರ ಬಾಯಲ್ಲೂ ಆತ ಕೆಂಪುಚೀಟಿ.

ಹೆಸರು ಸುಮ್ಮನೆ ಬಂದದ್ದಲ್ಲ. ಆತನ ಮೇಜಿನ ಮೇಲೆ ಒಂದು ಉಕ್ಕಿನ ಬಳೆ ಇತ್ತು. ಬೋಲ್ಟಿನ ತಲೆ ಬಳೆಯಲ್ಲಿ ಸಿಕ್ಕಿ ನಿಂತರೆ ಪಾಸು, ಹಸಿರು ಚೀಟಿ. ತೂರಿ ಕೆಳಗೆ ಬಿದ್ದರೆ ರಿಜೆಕ್ಟು, ಕೆಂಪು ಚೀಟಿ. ಕೆಂಪು ಚೀಟಿಯಲ್ಲಿ ಅಚ್ಚು ಹಾಕಿದ ಮೂರು ಸಾಲುಗಳಿದ್ದವು: ಮಾಲು, ಕಾರಣ, ಕೊನೆಗೆ 'ಮರುಪರೀಕ್ಷೆಗೆ ಅವಕಾಶವಿದೆ' ಎಂಬ ಒಂದು ದಯೆಯ ಸಾಲು. ಆ ದಯೆಯ ಸಾಲನ್ನು ಯಾರೋ ಮೆದು ಮನಸ್ಸಿನವರು ಅಚ್ಚು ಹಾಕಿಸಿರಬೇಕು. ಕೆಂಪುಚೀಟಿ ಅದನ್ನು ಸ್ಕೇಲು ಇಟ್ಟು ನೇರವಾಗಿ ಹೊಡೆದು ಹಾಕುತ್ತಿದ್ದ. ಅದಕ್ಕೆಂದೇ ಶರ್ಟಿನ ಜೇಬಿನಲ್ಲಿ ಮೂರನೆಯದೊಂದು ಪೆನ್ನು ಇಟ್ಟುಕೊಂಡಿದ್ದ. ರಿಜೆಕ್ಟಾದ ಮಾಲು ಅದೇ ದಿನ ಸ್ಟೋರ್‌ಕೀಪರನ ಕೋಣೆ ಸೇರಬೇಕು, ಒಳ್ಳೆಯದರ ಪಕ್ಕದಲ್ಲಿ ಒಂದು ರಾತ್ರಿಯೂ ಇರಕೂಡದು ಎಂಬುದು ಆತನ ಕಟ್ಟುನಿಟ್ಟು.

ಈ ತೋಟದ ಹುಚ್ಚು ಹಚ್ಚಿದವನೂ ಅದೇ ಸ್ಟೋರ್‌ಕೀಪರ್. ಅವನು ಬಣ್ಣದ ಡ್ರಮ್ಮಿನಲ್ಲಿ ಒಂದು ಪಪ್ಪಾಯಿ ಗಿಡ ಬೆಳೆಸಿ, ಅದರಲ್ಲಿ ಬಿಟ್ಟ ಏಕೈಕ ಹಣ್ಣನ್ನು ಕಾರ್ಖಾನೆಗೆ ತಂದು ಹಂಚಿದ. ಎಲ್ಲರೂ ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಮ್ಯಾನೇಜರಂತೂ ಎರಡು ಹೋಳು ತಿಂದು ಬೆನ್ನು ತಟ್ಟಿದರು. ಬೋಲ್ಟು ಅಳೆದೂ ಅಳೆದೂ ಬೆರಳು ಸವೆಸಿಕೊಂಡ ಕೆಂಪುಚೀಟಿಯ ಬೆನ್ನನ್ನು ಇಷ್ಟು ವರ್ಷದಲ್ಲಿ ಯಾರೂ ತಟ್ಟಿರಲಿಲ್ಲ. ಆತನ ಹೊಟ್ಟೆ ಧಗಧಗ ಉರಿಯಿತು.

"ಒಂದು ಪಪ್ಪಾಯಿ! ಒಂದೇ ಒಂದು! ಅದನ್ನ ಬೆಳೆ ಅಂತಾರಾ?" ಎಂದು ಆತ ಮನೆಗೆ ಬಂದು ಗರ್ಜಿಸಿದ. "ನಾನು ಬೆಳೆದು ತೋರಿಸ್ತೀನಿ ನೋಡು."

ಬೆಳೆದ. ಮನೆಯ ಹಾಲ್‌ನಲ್ಲಿ ಬಾಳೆ ನೆಟ್ಟ. ಅದು ಉತ್ಸಾಹದಿಂದ ಬೆಳೆದು ಸೀಲಿಂಗ್ ಫ್ಯಾನಿನ ಹತ್ತಿರ ಹೋಗಿ, ಫ್ಯಾನು ಹಾಕಿದಾಗಲೆಲ್ಲ ಮನೆಮಂದಿಯ ತಲೆಯ ಮೇಲೆ ಹಸಿರು ಚೂರುಗಳ ಮಳೆಗರೆಯಿತು. ಎಣ್ಣೆ ಡಬ್ಬಗಳಲ್ಲಿ ಮರಗೆಣಸು ನಿಂತಿತು. ಚಪ್ಪಲಿ ಸ್ಟ್ಯಾಂಡಿನಿಂದ ಚಪ್ಪಲಿಗಳನ್ನು ಗಡೀಪಾರು ಮಾಡಿ ಅಲ್ಲಿ ಅರಿಶಿನವನ್ನು ಪ್ರತಿಷ್ಠಾಪಿಸಲಾಯಿತು. ಸಿಹಿಗೆಣಸಿನ ಬಳ್ಳಿ ಕಿಟಕಿಯ ಸರಳು ಹಿಡಿದು ಹೊರಬಿದ್ದು, ಮೇಲಿನ ಮನೆಯವರ ಬಟ್ಟೆ ತಂತಿಯನ್ನು ತಲುಪಿ, ಆ ಮನೆಯ ಯಜಮಾನರ ಚಡ್ಡಿಯನ್ನು ಎಷ್ಟು ಪ್ರೀತಿಯಿಂದ ಸುತ್ತಿಕೊಂಡಿತೆಂದರೆ ಅದನ್ನು ಬಿಡಿಸಲು ಕತ್ತರಿಯೇ ಬೇಕಾಯಿತು. ಕತ್ತರಿಸಿದ್ದು ಚಡ್ಡಿಯನ್ನು. ಬಳ್ಳಿಯನ್ನು ಮುಟ್ಟಲು ಕೆಂಪುಚೀಟಿ ಬಿಡಲಿಲ್ಲ.

ಆದರೆ ತೋಟದ ಸಾಮ್ರಾಟ ಇದ್ದದ್ದು ಬಚ್ಚಲುಮನೆಯಲ್ಲಿ. ಸ್ನಾನದ ತೊಟ್ಟಿಗೆ ಮಣ್ಣು ತುಂಬಿ, ನೀರು ನಿಲ್ಲಿಸಿ, ಆತ ಅಲ್ಲಿ ದೊಡ್ಡ ಕೆಸು ನೆಟ್ಟಿದ್ದ. ಗಿಡದ ಅಂಗಡಿಯಲ್ಲಿ ಅದರ ಎಲೆಯ ಅಗಲ ನೋಡಿಯೇ ಮರುಳಾಗಿದ್ದ.

"ಶೋಗೆ ತಾನೇ ಸಾರ್?" ಎಂದು ಅಂಗಡಿಯವನು ಕೇಳಿದ್ದ.

"ಶೋನೂ ಆಗ್ಬೇಕು, ಊಟಾನೂ ಆಗ್ಬೇಕು!" ಎಂದು ಈತ ಹೇಳಿದಾಗ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅದನ್ನು ಮೆಚ್ಚುಗೆ ಎಂದು ತಿಳಿದು ಕೆಂಪುಚೀಟಿಯೂ ನಕ್ಕು, ಗಿಡ ಹೊತ್ತು ತಂದಿದ್ದ. ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಬಚ್ಚಲಿನ ಮೂಲೆಯಲ್ಲಿ ಎಲೆಗಳ ಕೆಳಗೆ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ಸ್ನಾನ ಮಾಡುತ್ತಿದ್ದರು.

ಇಷ್ಟೆಲ್ಲ ಆದರೂ ಹೆಂಡತಿ ಬಾಯಿ ಬಿಡಲಿಲ್ಲ. ಅವಳು ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಊರವರ ಪ್ಯಾಂಟಿನ ಉದ್ದ ಕಡಿಮೆ ಮಾಡಿ, ಸೊಂಟ ಜಾಸ್ತಿ ಮಾಡಿ, ದಣಿದು ಬರುವವಳು. ಅವಳದ್ದು ಒಂದೇ ಒಂದು ಷರತ್ತು.

"ಏನು ಬೇಕಾದ್ರೂ ಮಾಡ್ಕೊಳ್ಳಿ. ಬಾಲ್ಕನಿಯಲ್ಲಿರೋ ನೀಲಿ ಬಕೆಟ್ ಮಾತ್ರ ಮುಟ್ಟಬೇಡಿ."

ನೀಲಿ ಬಕೆಟ್ಟು ಅಂಥ ಚಂದದ್ದೇನೂ ಅಲ್ಲ. ಹಿಡಿ ಮುರಿದಿತ್ತು, ಅಂಚು ಒಡೆದಿತ್ತು. ಅದರಲ್ಲಿ ಇದ್ದದ್ದೂ ಕೆಸುವೇ, ಆದರೆ ಅಂಗೈಯಗಲದ ಎಲೆಯ ಬಡಪಾಯಿ ಕೆಸು. ಅದು ಅವಳ ತಾಯಿಯದು. ಆ ತಾಯಿ ಅದನ್ನು ತನ್ನ ತಾಯಿಯಿಂದ ತಂದು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೊತ್ತು, ಚಳಿ ಬಂದಾಗ ಒಳಗಿಟ್ಟು, ಬಿಸಿಲು ಬಂದಾಗ ಹೊರಗಿಟ್ಟು ಸಾಕಿಕೊಂಡು ಬಂದಿದ್ದಳು. ನಾಲಿಗೆಗೆ ಒಂದಿಷ್ಟೂ ತುರಿಕೆ ಕೊಡದ ಗೆಡ್ಡೆ. ಬೇಯಿಸಿ ಉಪ್ಪು ಹುಳಿ ಹಾಕಿದರೆ ಸಾಕು, ಬೇರೇನೂ ಬೇಡ.

ತಾಯಿ ತೀರಿಕೊಂಡ ಮೇಲೆ, ಮನೆ ಖಾಲಿ ಮಾಡುವ ದಿನ, ತಂಗಿಯಾದ ಇವಳು ಅಕ್ಕನನ್ನು ಕೇಳದೆ ಬಕೆಟ್ಟನ್ನು ಆಟೋದಲ್ಲಿಟ್ಟುಕೊಂಡು ಬಂದಿದ್ದಳು. ಸಂಜೆ ಅಕ್ಕನ ಫೋನು ಬಂತು. "ಅಮ್ಮನ ಬಟ್ಟೆ ಒಗೆದಿದ್ದು ನಾನು, ಮಾತ್ರೆ ಕೊಟ್ಟಿದ್ದು ನಾನು. ಬಕೆಟ್ ಎತ್ಕೊಂಡು ಹೋಗಿದ್ದು ನೀನು. ಚೆನ್ನಾಗಿದೆ ಕಣೇ." ಅಷ್ಟೇ. ಆಮೇಲೆ ಅಕ್ಕ ತಂಗಿ ಮಾತು ಬಿಟ್ಟರು. ತಂಗಿ ಅತ್ತಳು, ಹಟ ಮಾಡಿದಳು, ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು: ಗೆಡ್ಡೆ ಮರಿ ಹಾಕಿ ಬಕೆಟ್ ತುಂಬಲಿ, ಅಕ್ಕನನ್ನು ಕರೆದು, ಅಮ್ಮ ಮಾಡುತ್ತಿದ್ದ ಹಾಗೇ ಬೇಯಿಸಿ ಬಡಿಸಿ, ಅರ್ಧ ಗೆಡ್ಡೆ ಅವಳ ಮಡಿಲಿಗೆ ಹಾಕಿ ಕಾಲು ಹಿಡಿಯುವುದು. ಬಕೆಟ್ ತುಂಬಲು ಎರಡು ವರ್ಷ ಹಿಡಿಯಿತು. ತುಂಬಿದ ದಿನ ಅವಳು ಅಕ್ಕನಿಗೆ ಫೋನು ಮಾಡಿದಳು.

ಅಕ್ಕ ಹೇಳಿದ್ದು ಇಷ್ಟೇ: "ಅಮ್ಮನ ಗೆಡ್ಡೆ ಮಾಡ್ತೀಯಾದ್ರೆ ಬರ್ತೀನಿ. ಭಾನುವಾರ."

ಶನಿವಾರ ಕಾರ್ಖಾನೆಗೆ ರಜೆ, ಹೊಲಿಗೆ ಅಂಗಡಿಗೆ ಇಲ್ಲ. ಹೊರಡುವಾಗ ಹೆಂಡತಿ ಮತ್ತೆ ಹೇಳಿದಳು: "ಸಂಜೆ ನಾನೇ ಬಂದು ಗೆಡ್ಡೆ ಕೀಳ್ತೀನಿ. ನೀವು ಸುಮ್ನಿರಿ."

ಕೆಂಪುಚೀಟಿಗೆ ಅವಮಾನವಾಯಿತು. ಸುಮ್ಮನಿರುವುದೆ? ಬಚ್ಚಲಲ್ಲಿ ಇಂಥ ಸಾಮ್ರಾಜ್ಯ ಕಟ್ಟಿದವನು ಸುಮ್ಮನಿರುವುದೆ? ಆಕೆ ದಣಿದು ಬರುವ ಹೊತ್ತಿಗೆ ಎಲ್ಲವನ್ನೂ ಮುಗಿಸಿ ಬೆರಗುಗೊಳಿಸಬೇಕೆಂದು ನಿಶ್ಚಯಿಸಿದ. ಪ್ರೀತಿಯಿಂದಲೇ ನಿಶ್ಚಯಿಸಿದ, ಅದನ್ನು ಒಪ್ಪಬೇಕು. ಕೆಲವು ಗಂಡಂದಿರಿಗೆ ಪ್ರೀತಿ ಬಂದಾಗಲೇ ಮನೆಯವರು ಹುಷಾರಾಗಿರಬೇಕು!

ಮೊದಲು ತೊಟ್ಟಿಯನ್ನು ಅಗೆದ. ಆಹಾ, ಏನು ಗೆಡ್ಡೆಗಳು! ಒಂದೊಂದೂ ಮುಷ್ಟಿಗಿಂತ ದಪ್ಪ. ಆಮೇಲೆ ನೀಲಿ ಬಕೆಟ್ಟನ್ನು ನೆಲದ ಮೇಲೆ ಬೋರಲು ಹಾಕಿ ಕೊಡವಿದ. ಹೊರಬಿದ್ದವು ಗೋಲಿಯಷ್ಟು, ನಿಂಬೆಯಷ್ಟು, ಮೈತುಂಬ ಕೂದಲಿನ ಪುಟಾಣಿಗಳು. ಎರಡನ್ನೂ ಒಂದೇ ರಾಶಿ ಮಾಡಿದ. ಕೆಸು ಎಂದರೆ ಕೆಸು. ಬೋಲ್ಟನ್ನು ಯಾವ ಯಂತ್ರ ಹೆತ್ತಿತೆಂದು ಆತ ಎಂದಾದರೂ ಕೇಳಿದ್ದಾನೆಯೆ? ಅಳತೆ ಮುಖ್ಯ.

ಹೆಂಡತಿಯ ಹಳೆಯ ಪ್ಲಾಸ್ಟಿಕ್ ಬಳೆಯೊಂದನ್ನು ಹುಡುಕಿ ತೆಗೆದ. ಕಾರ್ಖಾನೆಯ ರಬ್ಬರ್ ಗ್ಲೌಸ್ ತೊಟ್ಟು ನೆಲದ ಮೇಲೆ ಕೂತ. ಗೆಡ್ಡೆ ಎತ್ತುವುದು, ಬಳೆಗೆ ಹಾಕುವುದು. ನಿಂತರೆ ಬಲಕ್ಕೆ, ತೂರಿದರೆ ಎಡಕ್ಕೆ. ಬಕೆಟ್ಟಿನ ಗೆಡ್ಡೆಗಳು ಒಂದೂ ಬಿಡದೆ ತೂರಿ ಬಿದ್ದವು. ಎರಡು ವರ್ಷ ಸಾಕಿದ್ದೆಂದು ಹೇಳಿಕೊಳ್ಳುವ ಮಾಲು ಹೀಗಾ ಇರುವುದು ಎಂದು ಆತನಿಗೆ ಹೆಂಡತಿಯ ಮೇಲೆ ಕನಿಕರವೇ ಬಂತು. ಇಂಥವನ್ನು ಅತ್ತಿಗೆಯ ಮುಂದಿಟ್ಟರೆ ಮರ್ಯಾದೆ ಉಳಿಯುತ್ತದೆಯೆ? ಎಡಗಡೆಯ ರಾಶಿಯನ್ನು ಚೀಲಕ್ಕೆ ತುಂಬಿ ಕೆಂಪು ಚೀಟಿ ಕಟ್ಟಿದ. ಮಾಲು: ಕೆಸು. ಕಾರಣ: ಗಾತ್ರ ಸಾಲದು. ಕೊನೆಯ ಸಾಲನ್ನು ಅಭ್ಯಾಸಬಲದಿಂದ ಹೊಡೆದು ಹಾಕಿದ.

ರಿಜೆಕ್ಟಾದದ್ದು ಅದೇ ದಿನ ಸ್ಟೋರ್‌ಕೀಪರನನ್ನು ಸೇರಬೇಕಷ್ಟೆ. ಹಿಂದಿನ ಬೀದಿಯಲ್ಲೇ ಅವನ ಮನೆ. ಫೋನು ಮಾಡುತ್ತಲೇ ಬಂದು ಚೀಲ ತೆಗೆದುಕೊಂಡು ಹೋದ. ಪಪ್ಪಾಯಿ ಹಂಚಿದವನಿಗೆ ತನ್ನ ತೋಟದ ರಿಜೆಕ್ಟು ಮಾಲನ್ನು ದಾನ ಮಾಡುವುದರಲ್ಲಿ ಇದ್ದ ಸುಖ ಕೆಂಪುಚೀಟಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಸಂಜೆ ಹೆಂಡತಿ ಬಂದಾಗ ನೀಲಿ ಬಕೆಟ್ಟು ತೊಳೆದು ಬೋರಲಾಗಿತ್ತು. ಅವಳ ಮುಖ ಬಿಳಿಚಿಕೊಂಡಿತು.

"ಗಾಬರಿ ಆಗ್ಬೇಡ. ಎಲ್ಲಾ ಮುಗಿಸಿದ್ದೀನಿ. ಅಡುಗೇದು ಸಿಪ್ಪೆ ತೆಗೆದು ಹೆಚ್ಚಿ ನೀರಲ್ಲಿ ಹಾಕಿದ್ದೀನಿ. ನಿಮ್ಮಕ್ಕಂಗೆ ಕೊಡೋದು ಪ್ಯಾಕ್ ಆಗಿದೆ." ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಸುತ್ತಲೂ ಕಾರ್ಖಾನೆಯ ಟೇಪು, ಮೇಲೊಂದು ಹಸಿರು ಚೀಟಿ.

"ಬಕೆಟ್‌ದೇ ತಾನೇ? ಚೆನ್ನಾಗಿತ್ತಾ?"

"ಬಕೆಟ್ ಪೂರ್ತಿ ಖಾಲಿ ಮಾಡಿದ್ದೀನಿ. ಎ ಗ್ರೇಡ್ ಮಾತ್ರ ಇಟ್ಟಿದ್ದೀನಿ!"

ಅವಳು ಪಾತ್ರೆಯಲ್ಲಿದ್ದ ಹೋಳುಗಳನ್ನು ನೋಡಿದಳು. ಹೋಳಾದ ಮೇಲೆ ಯಾವ ಗೆಡ್ಡೆಗೂ ಗುರುತಿರುವುದಿಲ್ಲ. ನಂತರ ಗಂಡನ ಮುಖ ನೋಡಿದಳು. ಮದುವೆಯಾದ ಮೇಲೆ ಆತ ಹೇಳಿಸಿಕೊಳ್ಳದೆಯೇ ಮಾಡಿದ ಮೊದಲ ಮನೆಗೆಲಸ ಅದು. "ನಿಮಗೂ ನಮ್ಮಮ್ಮನ ಬೆಲೆ ಗೊತ್ತಾಯ್ತಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಂಪುಚೀಟಿ ಎದೆಯುಬ್ಬಿಸಿದ.

ಭಾನುವಾರ ಅಕ್ಕ ಬಂದಳು. ಜತೆಗೆ ಕೆಂಪುಚೀಟಿಯ ಷಡ್ಡಕ, ಹಲ್ಲಿನ ಡಾಕ್ಟರು. ಡಾಕ್ಟರಿಗೆ ಯಾರ ಮನೆಗೆ ಹೋದರೂ ಎದುರಿನವರ ಬಾಯಿಯನ್ನೇ ನೋಡಿ ಮಾತಾಡುವ ಅಭ್ಯಾಸ. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಬಾಲ್ಕನಿಗೆ ಹೋಗಿ ಖಾಲಿ ಬಕೆಟ್ಟಿನ ಒಡೆದ ಅಂಚನ್ನು ಒಮ್ಮೆ ಸವರಿ, ಬಂದು ಊಟಕ್ಕೆ ಕೂತಳು.

ತಂಗಿ ಬಿಸಿಬಿಸಿ ಗೆಡ್ಡೆ ಬಡಿಸಿದಳು. ಅಕ್ಕ ಒಂದು ಹೋಳು ಬಾಯಿಗಿಟ್ಟು ಅಗಿದಳು, ನುಂಗಿದಳು. ಅವಳ ಕಣ್ಣು ತುಂಬಿ ಬಂತು.

"ಅಮ್ಮನ ನೆನಪಾಯ್ತಾ ಅಕ್ಕಾ?" ತಂಗಿಯ ಕಣ್ಣೂ ತುಂಬಿತು. "ತಪ್ಪಾಯ್ತು ಅಕ್ಕಾ. ಆವತ್ತು ನಿನ್ನ ಕೇಳ್ದೆ ತರಬಾರದಿತ್ತು. ಅತ್ತುಬಿಡು, ಮನಸ್ಸು ಹಗುರ ಆಗುತ್ತೆ."

ಅಕ್ಕನ ಕಣ್ಣೀರು ಧಾರೆಯಾಗಿ ಇಳಿಯಿತು. ಮೂಗಿನಿಂದಲೂ ಇಳಿಯಿತು. ಅವಳು ತಂಗಿಯ ಕೈ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ! ಇಂಥ ಹೃದಯಸ್ಪರ್ಶಿ ದೃಶ್ಯಕ್ಕೆ ತನ್ನ ಗೆಡ್ಡೆ ಕಾರಣವಾಯಿತಲ್ಲ ಎಂದು ಕೆಂಪುಚೀಟಿ ಗದ್ಗದಿತನಾಗಿ, ನಾಲ್ಕು ಹೋಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡ.

ಆಗ ಅಕ್ಕ ಇನ್ನೊಂದು ಕೈಯಿಂದ ತನ್ನ ಗಂಟಲು ತೋರಿಸಿದಳು.

"ಆ... ಆ..." ಎಂದರು ಡಾಕ್ಟರು. ಜೀವನವಿಡೀ ಬೇರೆಯವರಿಗೆ 'ಆ ಅನ್ನಿ' ಎಂದವರ ಬಾಯಿ ಈಗ ತಾನಾಗಿಯೇ ತೆರೆದುಕೊಂಡು, ಮುಚ್ಚಲು ಒಪ್ಪಲಿಲ್ಲ. ಅಷ್ಟರಲ್ಲಿ ತಂಗಿಯ ನಾಲಿಗೆಗೂ ಬಿತ್ತು ಬೆಂಕಿ. ಕೊನೆಯಲ್ಲಿ, ನಾಲ್ಕು ಹೋಳಿನ ಲೆಕ್ಕದಲ್ಲಿ, ಕೆಂಪುಚೀಟಿಗೆ. ಸೂಜಿ! ಬಾಯಿ ತುಂಬ, ಗಂಟಲು ತುಂಬ, ಕಿವಿಯ ಒಳಗೂ ಸೂಜಿ! ಮೊಸರಿನ ಪಾತ್ರೆಗೆ ನಾಲ್ಕು ಕೈ ಒಟ್ಟಿಗೆ ಬಿದ್ದವು, ಪಾತ್ರೆ ಉರುಳಿತು. ಸಕ್ಕರೆ ಡಬ್ಬ ಖಾಲಿಯಾಯಿತು. ಫ್ರಿಜ್ಜಿನ ಐಸು ಮುಗಿದ ಮೇಲೆ ಡಾಕ್ಟರು ಐಸಿನ ತಟ್ಟೆಯನ್ನೇ ನೆಕ್ಕಿದರು. ಮರ್ಯಾದಸ್ಥ ಎರಡು ಕುಟುಂಬಗಳು ನಾಲಿಗೆ ಹೊರಚಾಚಿ ಒಂದೇ ನಲ್ಲಿಯ ಕೆಳಗೆ ತಲೆ ತೂರಿಸಲು ಒದ್ದಾಡಿದವು.

ಬಹಳ ಹೊತ್ತಿನ ಮೇಲೆ ಮೊದಲು ಮಾತು ಬಂದದ್ದು ಅಕ್ಕನಿಗೆ.

"ಅಮ್ಮಂದು ಯಾವತ್ತೂ ತುರಿಸ್ತಿರ್ಲಿಲ್ಲ." ತುಟಿ ಊದಿದ್ದರೂ ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು. "ಒಳ್ಳೇದನ್ನ ನೀನಿಟ್ಕೊಂಡು, ನನಗೆ ಯಾವುದೋ ಕಾಡುಗೆಡ್ಡೆ ತಿನ್ನಿಸಿದ್ಯಲ್ಲ. ಇದಕ್ಕಾ ಕರೆಸಿದ್ದು?"

"ಇಲ್ಲ ಅಕ್ಕಾ! ಅಮ್ಮನಾಣೆ! ಇದು ಬಕೆಟ್‌ದೇ!" ತಂಗಿ ಓಡಿಹೋಗಿ ಮೂಲೆಯ ಪೆಟ್ಟಿಗೆಯ ಟೇಪು ಕಿತ್ತಳು. ಒಳಗಿಂದ ಮುಷ್ಟಿ ಗಾತ್ರದ ಗೆಡ್ಡೆಗಳು ಇಣುಕಿದವು. ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. "ರೀ. ಅಮ್ಮನ ಗೆಡ್ಡೆ ಎಲ್ಲಿ?"

"ಅದು... ಬಳೆಯಲ್ಲಿ ತೂರಿಹೋಯ್ತು."

"ಎಲ್ಲಿಗೆ ಹೋಯ್ತು?"

"ರಿಜೆಕ್ಟ್ ಆಯ್ತು," ಎಂದ ಕೆಂಪುಚೀಟಿ. ಆ ಮಾತು ಮನೆಯೊಳಗೆ ಇಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಆತನಿಗೆ ಗೊತ್ತಿರಲಿಲ್ಲ.

ಫೋನು ಮಾಡಲಾಯಿತು. ಹೆಂಡತಿಯೇ ಆತನ ಕೈಯಿಂದ ಕಿತ್ತುಕೊಂಡು ಸ್ಪೀಕರ್ ಒತ್ತಿದಳು.

"ಸಾರ್!" ಎಂದಿತು ಸ್ಟೋರ್‌ಕೀಪರನ ತುಂಬಿದ ಹೊಟ್ಟೆಯ ದನಿ. "ಏನ್ ಗೆಡ್ಡೆ ಸಾರ್ ಅದು! ಬೆಣ್ಣೆ! ನಾಲಿಗೆ ಮೇಲೆ ಇಟ್ರೆ ಸಾಕು, ಕರಗ್ತಿತ್ತು. ನಿನ್ನೆ ರಾತ್ರಿ ಅರ್ಧ, ಇವತ್ತು ಮಧ್ಯಾಹ್ನ ಅರ್ಧ."

"ಒಂದಾದ್ರೂ ಉಳಿದಿದೆಯಾ?" ಕೆಂಪುಚೀಟಿಯ ಗಂಟಲಿನಿಂದ ಗಾಳಿ ಮಾತ್ರ ಬಂತು. "ಸಣ್ಣದು? ತೀರಾ ಸಣ್ಣದು?"

"ಎಲ್ಲಿ ಸಾರ್! ಸಣ್ಣವನ್ನ ಸಿಪ್ಪೆ ಸಮೇತ ತಿಂದ್ವಿ. ಸಾರ್, ಇನ್ನೊಂದ್ಸಲ ರಿಜೆಕ್ಟ್ ಆದ್ರೆ ಮರೀಬೇಡಿ, ನನಗೇ ಹೇಳಿ."

ಅಕ್ಕ ಎದ್ದು ನಿಂತಳು. ಸಿಟ್ಟಿನಿಂದ ಕೂಗಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. ಅವಳು ಕೂಗಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ತಂಗಿಯ ಹತ್ತಿರ ಬಂದಳು.

"ನೀನು ಕದ್ದಿದ್ರೇ ಚೆನ್ನಾಗಿತ್ತು ಕಣೇ," ಎಂದಳು. "ಕದ್ದು ಬಚ್ಚಿಟ್ಟಿದ್ರೆ, ಅಮ್ಮನ ಗೆಡ್ಡೆ ಎಲ್ಲೋ ಒಂದು ಕಡೆ ಇದೆ ಅನ್ನೋದಾದ್ರೂ ಇರ್ತಿತ್ತು."

ಡಾಕ್ಟರು ಕರವಸ್ತ್ರದಲ್ಲಿ ಕೊನೆಯ ಐಸು ಸುತ್ತಿ ತುಟಿಗೆ ಒತ್ತಿಕೊಂಡು ಹೆಂಡತಿಯ ಹಿಂದೆ ಹೊರಟರು. ಹಸಿರು ಚೀಟಿಯ ಪೆಟ್ಟಿಗೆ ಮೂಲೆಯಲ್ಲೇ ಉಳಿಯಿತು. ತಂಗಿ ಬಾಲ್ಕನಿಗೆ ಹೋಗಿ ಬೋರಲು ಬಕೆಟ್ಟಿನ ಮೇಲೆ ಕೂತು ಅತ್ತಳು. ಈ ಸಲ ಅದು ಯಾವ ಗೆಡ್ಡೆಯ ಉರಿಯೂ ಆಗಿರಲಿಲ್ಲ.

ಮುಂದಿನ ದಿನಗಳಲ್ಲಿ ಕೆಂಪುಚೀಟಿ ಮಾಡಬಾರದ್ದನ್ನೆಲ್ಲ ಮಾಡಿದ. ಬಾಲ್ಕನಿಯ ಮೂಲೆಯಲ್ಲಿ ಬಿದ್ದಿದ್ದ ಬಕೆಟ್ಟಿನ ಮಣ್ಣನ್ನು ಚಮಚದಿಂದ ಕೆದಕಿ, ಟೀ ಸೋಸುವ ಜಾಲರಿಯಲ್ಲಿ ಜಾಲಾಡಿದ. ಬೇರಿನ ಎಳೆಯೂ ಸಿಗಲಿಲ್ಲ. ಮಾಲು ವಿಂಗಡಿಸುವುದರಲ್ಲಿ ಆತ ಎಂದೂ ತಪ್ಪು ಮಾಡಿದವನಲ್ಲ! ಸ್ಟೋರ್‌ಕೀಪರನ ಮನೆಯ ಕಸದ ಡಬ್ಬಕ್ಕೂ ಕೈ ಹಾಕಿದ. ಅವನ ಹೆಂಡತಿ ಪಾಪ ಎಂದು ಒಂದು ತಟ್ಟೆ ಊಟ ತಂದುಕೊಟ್ಟಳು. ಸಂತೆಯಲ್ಲಿ ಕಂಡ ಸಣ್ಣ ಕೆಸುವನ್ನೆಲ್ಲ ಕೊಂಡು ತಂದು ಹೆಂಡತಿಯ ಮುಂದೆ ಸುರಿದ.

"ಇದರಲ್ಲಿ ಅಮ್ಮಂದು ಯಾವುದು?" ಎಂದಳು ಅವಳು. ಬೇರೇನೂ ಕೇಳಲಿಲ್ಲ. ಅಂಗಡಿಯ ಗೆಡ್ಡೆ ಮನೆಗೆ ಬಂದದ್ದಕ್ಕೆ ಮೀಸೆಯ ಮಾತನ್ನೂ ಎತ್ತಲಿಲ್ಲ. ಎತ್ತಿದ್ದರೆ ಆತನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬಚ್ಚಲಲ್ಲಿ ಮಾತ್ರ, ಅಗೆಯುವಾಗ ಬಿಟ್ಟುಹೋದ ಯಾವುದೋ ತುಂಡಿನಿಂದ, ದೊಡ್ಡ ಕೆಸು ಮತ್ತೆ ಎಲೆ ಬಿಚ್ಚಿತು. ಮೊದಲಿಗಿಂತ ಅಗಲವಾಗಿ, ಮೊದಲಿಗಿಂತ ಹೊಳೆಯುತ್ತಾ. ಬಳ್ಳಿಯ ಮೇಲೆ ದೂರು ಹೇಳಲು ಬಂದ ಮೇಲಿನ ಮನೆಯವರು ಅದನ್ನು ನೋಡಿ, "ಏನು ಚೆನ್ನಾಗಿ ಬೆಳೆಸಿದ್ದೀರಿ!" ಎಂದು ಬೆನ್ನು ತಟ್ಟಿಯೇ ಬಿಟ್ಟರು. ಕೆಂಪುಚೀಟಿ ಇಷ್ಟು ವರ್ಷ ಕಾದದ್ದು ಅದಕ್ಕಾಗಿಯೇ ಆಗಿತ್ತು. ಬೆನ್ನಿಗೂ ತುರಿಕೆ ಹತ್ತಿದ ಹಾಗಾಯಿತು.

ಒಂದು ಭಾನುವಾರ ಊಟದ ನಂತರ ಕೋಣೆಯಲ್ಲಿ ಮಲಗಲು ಹೋದರೆ ಆತನ ದಿಂಬು ಅಲ್ಲಿರಲಿಲ್ಲ. ಹಾಲ್‌ನ ಬೆಂಚಿನ ಮೇಲೆ, ಬಾಳೆಗಿಡದ ಬುಡದಲ್ಲಿ ಇತ್ತು. ದಿಂಬಿನ ಮೂಲೆಗೆ ಒಂದು ಕೆಂಪು ಚೀಟಿ ಹೊಲಿದಿತ್ತು. ಹೊಲಿಗೆ ಅಂಗಡಿಯವಳು ಕಟ್ಟುತ್ತಾಳೆಯೆ? ಬಿಗಿಯಾಗಿ, ಬಿಚ್ಚಲು ಬಾರದ ಹಾಗೆ ಹೊಲಿದಿದ್ದಳು. ಆತ ಕನ್ನಡಕ ಹಾಕಿಕೊಂಡು ಓದಿದ. ಮಾಲು: ಗಂಡ. ಕಾರಣ: ಹೇಳಿದರೆ ಅರ್ಥವಾಗದು.

ಮೂರನೆಯ ಸಾಲಿಗೆ ಬಂದಾಗ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. 'ಮರುಪರೀಕ್ಷೆಗೆ ಅವಕಾಶವಿದೆ' ಎಂಬುದು ಹಾಗೇ ಇತ್ತು! ಹೊಡೆದು ಹಾಕಿರಲಿಲ್ಲ! ದಿಂಬನ್ನು ಎದೆಗವಚಿಕೊಂಡು ಅಡುಗೆಮನೆಯ ಬಾಗಿಲಿಗೆ ಓಡಿದ. ಅವಳು ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿದ್ದಳು. "ಹೂಂ ಅಕ್ಕಾ. ಹೂಂ. ಇಡ್ತೀನಿ," ಎಂದು ಫೋನು ಕೆಳಗಿಟ್ಟಳು.

"ಅತ್ತಿಗೆ ಮಾತಾಡ್ತಿದ್ದಾರಾ? ನಿನ್ ಜೊತೆ?" ಕೆಂಪುಚೀಟಿ ಹೊಸ್ತಿಲು ದಾಟಿ ಒಳಗೆ ಬಂದ. "ರಾಜಿ ಆಯ್ತಾ?"

"ದಿನಾ ಮಾತಾಡ್ತೀವಿ."

"ಏನು ಮಾತಾಡ್ತೀರಿ?"

"ಅಮ್ಮನ ವಿಷಯ ಇಬ್ಬರೂ ಎತ್ತಲ್ಲ. ಎತ್ತಿದ್ರೆ ಇಬ್ಬರಿಗೂ ಮಾತು ನಿಂತುಹೋಗುತ್ತೆ," ಎಂದಳು ಅವಳು, ಪಾತ್ರೆ ಉಜ್ಜುತ್ತಾ. "ನಿಮ್ಮ ವಿಷಯಾನೇ ಮಾತಾಡ್ತೀವಿ. ಅದು ಮುಗಿಯೋದೇ ಇಲ್ಲ."

ಅಂತೂ ಅಕ್ಕ ತಂಗಿಯರನ್ನು ಒಂದು ಮಾಡಿದ ಕೀರ್ತಿ ತನ್ನದೇ ಎಂದು ಸಮಾಧಾನ ಪಟ್ಟುಕೊಳ್ಳಲು ಆತ ಪ್ರಯತ್ನಿಸಿದ. ಆಗಲಿಲ್ಲ. ಮೆಲ್ಲಗೆ ದಿಂಬಿನ ಚೀಟಿಯನ್ನು ಎತ್ತಿ ತೋರಿಸಿದ.

"ಈ ಕೊನೇ ಸಾಲು... ಹೊಡೆದು ಹಾಕಿಲ್ವಲ್ಲ. ಅಂದ್ರೆ... ಅವಕಾಶ ಇದೆಯಾ?"

"ಓ, ಅದಾ? ಹೊಡೆದು ಹಾಕು ಅಂತ ಅಕ್ಕ ಹೇಳಿದ್ಳು," ಎಂದಳು ಹೆಂಡತಿ, ಒದ್ದೆ ಕೈ ಒರೆಸಿಕೊಳ್ಳುತ್ತಾ. "ಬರೀತಾ ಬರೀತಾ ಪೆನ್ನಿನ ಇಂಕ್ ಮುಗೀತು. ನಿಮ್ಮ ಹತ್ರ ಇದೆಯಾ?"

ಜೇಬಿನಲ್ಲಿ ಮೂರು ಪೆನ್ನುಗಳಿದ್ದವು. ಕೆಂಪುಚೀಟಿ ಜೇಬಿನ ಮೇಲೆ ಕೈಯಿಟ್ಟು ಮುಚ್ಚಿಕೊಂಡು, "ಇಲ್ಲ," ಎಂದು ಹೇಳಿ, ದಿಂಬು ಹಿಡಿದು ಬಾಳೆಗಿಡದ ಬುಡಕ್ಕೆ ಹೋಗಿ ಮಲಗಿದ.